ಕುದುರೆ ಮೇಲಿನ ಕ್ಯಾಪ್ಟನ್

...ಅಷ್ಟು ಹತ್ತಿರದಿಂದ ಅಲ್ಲ ಕಣೋ! ಒಂದು ಗೇಣು ದೂರ ಹಿಡ್ಕೋ. ಡಬ್ಬಿ ಅಲ್ಲಾಡ್ಸಿದ್ಯಾ? ಒಳಗಿರೋ ಗುಂಡು ಟಕಟಕ ಅನ್ಬೇಕು. ಹ್ಞಾ, ಈಗ ಹೊಡಿ... ಒಂದೇ ಕಡೆ ಹಿಡೀಬೇಡ, ಬೀಸ್ಕೊಂಡು ಹೋಗು. ನೋಡು, ಕಪ್ಪು ಹೇಗೆ ಕೂತ್ಕೊಳ್ತು! ದಿನಾ ಗ್ಯಾರೇಜಲ್ಲಿ ಕಾರಿನ ಬಾಗಿಲಿಗೆ ಸ್ಪ್ರೇ ಹೊಡೆಯೋ ಕೈ ನಂದು, ಬೆರಳುದ್ದದ ಪ್ಲಾಸ್ಟಿಕ್ ಸಿಪಾಯಿ ಯಾವ ಲೆಕ್ಕ? ಯಾಕೋ ನಗ್ತೀಯ? ನನ್ನ ಮೂಗಿಗೆ ಬಿತ್ತಾ? ಬೀಳ್ಲಿ ಬಿಡು.

ಒಂಬತ್ತು ವರ್ಷ ಆಯ್ತಲ್ಲೋ ತಮ್ಮ, ನಾವಿಬ್ರೂ ಒಂದೇ ಮೇಜಿಗೆ ಕೂತು. ಮೊನ್ನೆ ಅಟ್ಟದಿಂದ ಈ ಡಬ್ಬ ಇಳಿಸ್ದೆ ಕಣೋ. ನಮ್ಮ ಸೈನ್ಯ! ದಾಳ ಉರುಳಿಸಿ, ದಿಂಬನ್ನೇ ಗುಡ್ಡ ಮಾಡಿ, ಊಟಕ್ಕೆ ಕರೆದ್ರೂ ಏಳದೆ ಯುದ್ಧ ಆಡ್ತಿದ್ವಲ್ಲ, ಅದೇ ಸೈನ್ಯ. ಒಬ್ಬನ ಕೈ ಮುರಿದಿತ್ತು, ಒಬ್ಬನ ಬಂದೂಕಿಗೆ ಜೇಡ ಬಲೆ ಕಟ್ಟಿತ್ತು. ಅರ್ಧಕ್ಕರ್ಧ ಜನಕ್ಕೆ ನಾವು ಬಣ್ಣಾನೇ ಹಾಕಿರ್ಲಿಲ್ಲ. ಎಣಿಸ್ದೆ. ನಲವತ್ತು. ಇರ್ಬೇಕಾಗಿದ್ದು ನಲವತ್ತೊಂದು.

ನೋಡು ನೋಡು, ಮುಖ ತಿರುಗಿಸ್ದೆ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನಾನಿನ್ನೂ ಕ್ಯಾಪ್ಟನ್ ಹೆಸರೇ ಎತ್ತಿಲ್ಲ!

ಇರ್ಲಿ, ಎತ್ತೇ ಎತ್ತೀನಿ. ಇಡೀ ಸೈನ್ಯದಲ್ಲಿ ಕುದುರೆ ಇದ್ದಿದ್ದು ಅವನೊಬ್ಬನಿಗೇ. ಮಿಕ್ಕೋರೆಲ್ಲ ಕಾಲ್ನಡಿಗೆ ಗಿರಾಕಿಗಳು. ಅವನಿಗೆ ಬಣ್ಣ ಹಾಕಿದ್ದು ಯಾರು? ಅಮ್ಮ. ಊರೋರ ಬಟ್ಟೆ ಹೊಲಿದು ಮುಗಿಸಿ, ಕನ್ನಡಕ ಏರಿಸ್ಕೊಂಡು, ಒಂದು ತಿಂಗಳು ಕೂತ್ಲು. ನೀಲಿ ಕೋಟು, ಬಿಳೀ ಕುದುರೆ. ಕಣ್ಣಿಗೆ ಸೂಜಿ ಮೊನೆಯಿಂದ ಚುಕ್ಕೆ ಇಟ್ಲು. ಅಂಥ ಗೊಂಬೇನ ಕೆಳಗಿನ ಮನೆಯೋರ ಮಗನಿಗೆ ಕೊಟ್ಟು ಸೈಕಲ್ ಲೈಟ್ ಈಸ್ಕೊಂಡ್ಯಲ್ಲೋ! ಲೈಟು ಸೋದರಮಾವ ಕೊಡಿಸಿದ್ದು ಅಂತ ನೀನಂದೆ. ಯಾರು ನಂಬ್ತಾರೆ? ನೀನು ಹುಟ್ಟಿದಾಗಿಂದ ಅಮ್ಮ ನಿನ್ನ ಮೇಲೆ ಕೈ ಮಾಡಿರ್ಲಿಲ್ಲ. ಅವತ್ತು ಮಾಡಿದ್ಲು.

ಏಟು ತಿಂದು ನೀನೇನ್ಮಾಡ್ದೆ? "ನಾನಲ್ಲ" ಅಂತ ಒಂದೇ ಸಲ ಅಂದೆ. ಆಮೇಲೆ ತುಟಿ ಹೊಲ್ಕೊಂಡ್ಬಿಟ್ಟೆ. ರಜಾ ಮುಗಿಯೋದ್ರೊಳಗೆ ಓದೋಕೆ ಅಂತ ಮಾವನ ಮನೆ ಸೇರ್ಕೊಂಡೆ. ಬರೋದು ವರ್ಷಕ್ಕೊಂದ್ಸಲ, ಬಂದ್ರೂ ನೆಂಟರ ಥರ ಕುರ್ಚಿ ತುದೀಲಿ ಕೂರೋದು. ನನ್ನ ಗತಿ ಏನು ಅಂತ ಯೋಚಿಸಿದ್ಯಾ? ಎದುರಾಳಿ ಇಲ್ದೆ ಯಾರ ಜೊತೆ ಆಡ್ಲಿ? ಎದುರುಗಡೆ ಸೈನ್ಯನೂ ನಾನೇ ನಡೆಸಿ ನೋಡ್ದೆ ಕಣೋ... ಥೂ, ನಾಚಿಕೆ ಆಗ್ಹೋಯ್ತು. ಒಡಹುಟ್ಟಿದೋನು ಹೀಗೆ ನಡುನೀರಲ್ಲಿ ಕೈ ಬಿಟ್ಟು ಹೋದ್ರೆ ಹೊಟ್ಟೆ ಉರಿಯಲ್ವಾ? ನಂಬಿಕೆ ದ್ರೋಹ ಅಲ್ದೆ ಇನ್ನೇನಿದು?

ಆ ಕಂದು ಇಂಕು ಈ ಕಡೆ ತಳ್ಳು. ಜಾಸ್ತಿ ನೀರು ಬೆರೆಸ್ಬೇಡ. ಅಂಗಿ ಮೇಲೆ ಸವರಿ ಸುಮ್ನೆ ಬಿಡು, ಮಡಿಕೆ, ಕುಳಿ, ಕಣ್ಣಿನ ಕೆಳಗೆ, ಎಲ್ಲಿ ತಗ್ಗಿದೆಯೋ ಅಲ್ಲಿಗೆ ಅದೇ ಹೋಗಿ ಕೂರುತ್ತೆ. ಹೂಂ, ನಿನ್ನ ಕೈ ಅಮ್ಮನ ಕೈ ಕಣೋ. ಲ್ಯಾಬಲ್ಲಿ ರಕ್ತ ತೆಗೆದೂ ತೆಗೆದೂ ಇನ್ನೂ ನಾಜೂಕಾಗಿದೆ.

ಈಗ ಕೇಳು, ನಿನ್ನ ಯಾಕೆ ಕರೆಸಿದ್ದು ಅಂತ. "ತಪ್ಪಾಯ್ತು ಅಣ್ಣ" ಅನ್ನು. ಒಂದೇ ಒಂದ್ಸಲ. ಅರ್ಧ ಸೈನ್ಯ ನಿನ್ನದು, ಭಾನುವಾರ ಭಾನುವಾರ ಬಾ, ಮೊದಲಿನ ಹಾಗೆ ಆಡೋಣ. ನಂಗೆ ಬೇಕಾಗಿರೋದು ಅಷ್ಟೇ... ಏನೋ? ಹೇಳೋಕೆ ಬಾಯಿ ಬರಲ್ವಾ? ಅಷ್ಟು ದೊಡ್ಡಸ್ತಿಕೆನಾ?

ಏಯ್! ಏಯ್! ಆ ಸೀಸೆ ಇಡು ಕೆಳಗೆ! ಅದು ಗ್ಯಾರೇಜಿನ ಥಿನ್ನರ್! ಹಳೇ ಬಣ್ಣ ಹೋಗ್ಬೇಕು ಅಂದ್ರೆ ಸೋಪಿನ ನೀರಲ್ಲಿ ನೆನೆಹಾಕು. ಥಿನ್ನರ್‌ಗೆ ಹಾಕಿದ್ರೆ ಬಣ್ಣ ಹೋಗೋದಿರ್ಲಿ, ಗೊಂಬೇನೇ ಕರಗಿ ಹೋಗುತ್ತೆ! ಹತ್ತು ನಿಮಿಷ ಸಾಕು. ಮೊದಲು ಕತ್ತಿ ಬಗ್ಗುತ್ತೆ, ಆಮೇಲೆ ಕುದುರೆ ಕಾಲು ಒಂದೊಂದಾಗಿ ಕುಸಿಯುತ್ತೆ, ಕೈ ಹಾಕಿ ತೆಗೆಯೋಣ ಅಂದ್ರೆ ಮುಖಾನೇ ಬೆರಳಿಗೆ ಅಂಟ್ಕೊಂಡು...

...

ಅಲ್ಲ... ಅದು... ಗ್ಯಾರೇಜಿನ ಮೇಸ್ತ್ರಿ ಹೇಳಿದ್ದು. ಅವನ ಮಗನ ಗೊಂಬೆ. ಯಾಕೋ ಹಾಗೆ ನೋಡ್ತೀಯ? ಲೋಕದಲ್ಲಿ ಕುದುರೆ ನಮ್ಮೊಬ್ಬರ ಹತ್ರಾನೇ ಇದ್ದಿದ್ದಾ? ಕೇಳೋ. ಯಾವ ಕುದುರೆ ಅಂತ ಕೇಳು. ಯಾರಾದ್ರೂ ಆಗಿದ್ರೆ ಕೇಳ್ತಿದ್ರು. ನೀನ್ಯಾಕೆ ಕೇಳ್ತಿಲ್ಲ?

...ಗೊತ್ತಿತ್ತಾ?

ಅವತ್ತು ಬಚ್ಚಲಲ್ಲಿ ನಾನು ಕೈ ಉಜ್ಕೋತಿದ್ದಾಗ ನೀನು ಬಾಗಿಲಲ್ಲಿ ನಿಂತಿದ್ದೆ. "ಏನಣ್ಣ ವಾಸನೆ" ಅಂದೆ. ನಾನು ಬೈದು ಕಳಿಸ್ದೆ. ಕಸದ ಬುಟ್ಟಿ ಆಚೆ ಇಡೋನು ನೀನೇ... ಅಯ್ಯೋ, ಕರಗಿದ ಕ್ಯಾಪ್ಟನ್‌ನ ಅದರಲ್ಲಿ ನೋಡಿದ್ಯಲ್ಲೋ!

ಅವನಿಗೆ ನೀಲಿ ಬದ್ಲು ಕೆಂಪು ಕೋಟು ಇದ್ರೆ ಚೆನ್ನಾಗಿರುತ್ತೆ ಅನ್ನಿಸ್ತು ಕಣೋ. ಅಷ್ಟೇ. ಅಮ್ಮನಿಗೆ ಗೊತ್ತಾಗೋದ್ರೊಳಗೆ ಬೇರೆ ಬಣ್ಣ ಹಾಕೋಣ ಅಂತ... ಹತ್ತೊಂಬತ್ತು ವರ್ಷದ ಕೋಣ ನಾನು, ಭಯ ಆಯ್ತು, ನಿನ್ನ ಹೆಸರು ಹೇಳ್ಬಿಟ್ಟೆ. ನೀನು ಬಾಯಿ ಬಿಟ್ಟಿದ್ರೆ ಆಗ್ತಿತ್ತಲ್ಲೋ. ಯಾಕೆ ಬಿಡ್ಲಿಲ್ಲ? ನಾನೇ ಹೇಳ್ತೀನಿ ಅಂತ ಕಾದ್ಯಾ? ಒಂಬತ್ತು ವರ್ಷ?

ಕೇಳಿಸ್ತಿದ್ಯಾ, ಒಳಗೆ ಅಮ್ಮ ಇನ್ನೂ ಹೊಲಿಗೆ ಮಿಶನ್ ತುಳೀತಿದಾಳೆ. ನಿನಗೇ ಅಂಗಿ ಹೊಲೀತಿರೋದು. ಕೇಳಿದ್ರೆ, ಯಾರೋ ಗಿರಾಕೀದು ಅಂತಾಳೆ.

ಕೈ ಬಿಡೋ. ಬಿಡು, ತಡೀಬೇಡ ನನ್ನ.

ಅಮ್ಮಾ... ಅಮ್ಮಾ, ಮಿಶನ್ ನಿಲ್ಲಿಸಿ ಸ್ವಲ್ಪ ಇಲ್ಲಿ ಬಾ.