ಮಠದ ಮನೆಯ ಬೀಸೋಕಲ್ಲು

ಮೆಲ್ಲಗೆ ಹೇಳ್ತೀನಿ, ಹತ್ರ ಬನ್ನಿ... ಇದು ನಮ್ಮ ದೊಡ್ಡಮ್ಮನ ನೆರೆಮನೆ ದ್ರಾಕ್ಷಾಯಣಿಗೆ ಆಗಿದ್ದು. ಅರಸೀಕೆರೆ ಕಡೆ ಹಳ್ಳಿಗೆ ಹಿಟ್ಟಿನ ಮಿಷನ್ ಬಂದಿರದ ಕಾಲ. ಗಂಡ ಕರಿಬಸವಯ್ಯ ಊರಿಗೆ ಅಯ್ಯನೋರು. ಇದ್ದದ್ದು ತಲೆತಲಾಂತರದ ಮಠದ ಮನೇಲಿ. ಒಳಮನೆ ಮಾತ್ರ ಸಂಸಾರಕ್ಕೆ. ಕಲ್ಲುಕಂಬದ ಪಡಸಾಲೆ ಊರಿಗೆಲ್ಲ. ದಾರಿಹೋಕರು ಅಲ್ಲೇ ಮಲಗೋರು, ಊರ ನ್ಯಾಯ ಅಲ್ಲೇ ನಡೆಯೋದು, ಕೇರಿ ಹೆಂಗಸರು ಅಲ್ಲಿನ ಬೀಸೋಕಲ್ಲಲ್ಲೇ ರಾಗಿ ಬೀಸೋರು. ಮುಂಬಾಗಿಲಿಗೆ ಅಗಣಿ ಹಾಕೋ ಪದ್ಧತಿಯೇ ಇರಲಿಲ್ಲ.

ಅವತ್ತು ಅಯ್ಯನೋರು ಪರವೂರಿಗೆ ಹೋಗಿದ್ರು. ಕಲ್ಲೇಶಪ್ಪನ ಸೊಸೆಗೆ ಹೆರಿಗೆ ನೋವು, ವಿಭೂತಿ ತಗೊಂಡು ಬನ್ನಿ ಅಂತ ಕರೆ ಬಂತು. ದ್ರಾಕ್ಷಾಯಣಿ ಎಂಟು ತಿಂಗಳ ಕೂಸನ್ನ ಪಡಸಾಲೆ ತೊಟ್ಟಿಲಲ್ಲಿ ಮಲಗಿಸಿ, ಅತ್ತೆ ರುದ್ರಮ್ಮನಿಗೆ ಒಪ್ಪಿಸಿ ಹೋದ್ಲು. ಹೆರಿಗೆಯಾಗಿ ಹೊರಟಾಗ ಹೊತ್ತೆಷ್ಟೋ... ಕತ್ತಲು. ಒಬ್ಬಳೇ.

ಸೇದೋ ಬಾವಿ ಹತ್ರ ಬಂದ್ಲು. ಕಿರ್... ಕಿರ್... ರಾಟೆ ತಿರುಗ್ತಿತ್ತು. ರಾತ್ರಿ ಹೊತ್ತು ಹಗ್ಗ ಬಿಚ್ಚಿಡ್ತಾರೆ. ಹಗ್ಗ ಇರಲಿಲ್ಲ. ಗಾಳಿಯೂ ಇರಲಿಲ್ಲ...

ಸೆರಗು ಬಿಗಿದು ಓಡಿದ್ಲು. ಮನೆ ಹೊಕ್ಕವಳೇ ಎಂದೂ ಹಾಕದ ಅಗಣಿ ಹಾಕಿದ್ಲು. ದೀಪ ಆರಿತ್ತು. ತೊಟ್ಟಿಲ ಕೆಳಗೆ ಅತ್ತೆಯ ಗೊರಕೆ. ಮೂಲೆಯಲ್ಲಿ... ಗರ್, ಗರ್. ಬೀಸೋಕಲ್ಲು! ಜೊತೆಗೆ ಬಳೆ ಸದ್ದು. ಎದುರುಮನೆ ಕಮಲಾಕ್ಷಮ್ಮ ಕೋಳಿ ಕೂಗೋ ಮುಂಚೆ ಬೀಸೋಕೆ ಬರ್ತಿದ್ರು. ಸದ್ಯ, ಅವರೇ ಅಂತ ದ್ರಾಕ್ಷಾಯಣಿಗೆ ಹೋದ ಜೀವ ಬಂದಂಗಾಯ್ತು. ಎದುರಿಗೆ ಕೂತು ತಾನೂ ಗೂಟ ಹಿಡಿದ್ಲು. ಆ ಕೈ ಇವಳ ಕೈ ಮೇಲೆ ಬಂತು. ತಣ್ಣಗಿತ್ತು.

“ಬೇಗ ಬಂದ್ರಾ ಕಮಲಕ್ಕ?”

“ಹೂಂ...” ಪಿಸುದನಿ. “ಈ ಮನೇಲಿರೋದೆಲ್ಲ ಎಲ್ಲಾರ್ದೂ ಅಲ್ವೇನೇ?”

“ಹೌದಲ್ವಾ ಮತ್ತೆ.”

“ಹಂಗಾದ್ರೆ ಕೂಸನ್ನ ಎತ್ಕೊಂಡು ಹೋಗ್ಲಾ?”

ಕಮಲಾಕ್ಷಮ್ಮ ಅಯ್ಯನೋರ ಹೆಂಡತಿಯನ್ನ ಯಾವತ್ತೂ ಏಕವಚನದಲ್ಲಿ ಮಾತಾಡಿಸಿದೋರಲ್ಲ...

ಆಗ ಹೊರಗಿಂದ ಬಾಗಿಲು ಬಡಿದ ಸದ್ದು. “ಅಮ್ನೋರೇ, ಇದ್ಯಾಕೆ ಅಗಣಿ ಹಾಕ್ಕೊಂಡಿದ್ದೀರಿ? ನಾನು ಕಮಲಾಕ್ಷಿ. ಬೀಸೋಕೆ ಬಂದಿವ್ನಿ.”

ದ್ರಾಕ್ಷಾಯಣಿ ಕೈ ಎಳ್ಕೊಳ್ಳೋಕೆ ನೋಡಿದ್ಲು, ಬರಲಿಲ್ಲ. ಕಲ್ಲು ಜೋರಾಯ್ತು. ಗರ್ ಗರ್ ಗರ್... ತೊಟ್ಟಿಲ ಸರಪಳಿ ಕಿಣ್ ಅಂತು. ಅತ್ತೆ ಗೊರಕೆ ಮಾತ್ರ ನಿಲ್ಲಲಿಲ್ಲ.

“ಮನೆ ಎಲ್ಲಾರ್ದೂ ಕಣವ್ವಾ,” ಅಂದ್ಲು, ಅಳ್ತಾ. “ಉಣ್ಣು, ಮಲಗು, ಬೀಸು. ಬೇಡ ಅನ್ನಲ್ಲ. ಕೂಸು ಮಾತ್ರ ನಂದು. ಕೊಡಲ್ಲ.”

ಕಲ್ಲು ನಿಂತಿತು... ಕೈ ಮೇಲಿನ ಭಾರ ಇಳೀತು.

ಬಿದ್ದೂ ಎದ್ದೂ ಹೋಗಿ ಅಗಣಿ ತೆಗೆದ್ಲು. ಕಮಲಾಕ್ಷಮ್ಮನ ಲಾಟೀನು ಬೆಳಕಲ್ಲಿ ಇಬ್ರೂ ಮೂಲೆ ಮೂಲೆ ನೋಡಿದ್ರು. ಯಾರೂ ಇಲ್ಲ. ಹಿಂಬಾಗಿಲೂ ಹಾಕಿದಂಗೇ ಇತ್ತು. ಕೂಸು ತೊಟ್ಟಿಲಲ್ಲೇ ನಿದ್ದೆ ಮಾಡ್ತಿತ್ತು.

ನೀವು ನಗಬಹುದು. ಆದ್ರೆ ಆ ಲಾಟೀನು ಹಿಡಿದಿದ್ದ ಕಮಲಾಕ್ಷಮ್ಮನೇ ನಮ್ಮ ದೊಡ್ಡಮ್ಮನ ಕೈ ಹಿಡಿದು ಆಣೆ ಇಟ್ಟು ಹೇಳಿದ್ದು, ನಡೆದದ್ದು ನಡೆದಂಗೆ. ಕೂಸಿನ ತಲೆಗೆ ಯಾರೋ ಎಣ್ಣೆ ಹಚ್ಚಿ, ಬೈತಲೆ ತೆಗೆದು ಬಾಚಿದ್ರು. ರುದ್ರಮ್ಮ ನಾನಲ್ಲ ಅಂದ್ರು. ಎಣ್ಣೆ ಇನ್ನೂ ಹಸಿಯಾಗೇ ಇತ್ತು.