ಸಾಹೇಬರ ಮಖಮಲ್ ಟೊಪ್ಪಿಗಿ

ಸೊಲ್ಲಾಪುರದ ಆಸ್ಪತ್ರೆಯ ಜಗಲಿಯಲ್ಲಿ ತನ್ನ ಸರದಿಗೆ ಕಾದು ಕೂತ ಗಂಗುಬಾಯಿಗೆ, ಗಿರಣಿಯ ಬಿಳಿ ಸಾಹೇಬರ ಮನೆಯ ಆಯಾ ಗುರಮ್ಮ ಮತ್ತು ಗುಮಾಸ್ತ ಅಮೃತಪ್ಪ ಆಡುವ ಮಾತು ಕೇಳುತ್ತಿತ್ತು.

“ಒಳಗ ಸಾಹೇಬರು ಟೊಪ್ಪಿಗಿ ಕೇಳಾಕತ್ತಾರ್ರಿ. ಬಿಸಲಿನ ಟೊಪ್ಪಿಗಿ ಕೊಟ್ಟರ ಒಗದ್ರು.”

“ಅದಲ್ಲಬೇ. ತಮ್ಮ ದೇಶದ ಪರವಾಗಿ ರಗ್ಬಿ ಚೆಂಡಾಟ ಆಡಿದ್ದಕ್ಕ ಕೊಟ್ಟಿದ್ರಲ್ಲ, ಗೊಂಡೆ ಇದ್ದ ಮಖಮಲ್ ಟೊಪ್ಪಿಗಿ, ಅದು. ಮೊಣಕಾಲು ಮುರಕೊಂಡು ಆಟ ಬಿಟ್ಟಮ್ಯಾಲೇ ನಮ್ಮ ಗಿರಣಿಗೆ ಬಂದಾರ.”

“ಸಣ್ಣದೇನ್ರಿ?”

“ನೆತ್ತಿ ಮುಚ್ಚುವಷ್ಟು.”

“ಯವ್ವಾ, ಅವರದ ಯಾವುದೋ ಸತ್ತ ಕೂಸಿನ ಕುಂಚಿಗಿ ಅಂತ ತಿಳದು, ಅವರ ಕಣ್ಣಿಗೆ ಬೀಳಬಾರದಂತ ಪೆಟ್ಟಿಗಿ ತಳಕ್ಕ ಹಾಕೀನಿ.”

“ಓಡು, ತಗೊಂಬಾ.”

ಗಂಗುಬಾಯಿಯ ಪೆಟ್ಟಿಗೆಯ ತಳದಲ್ಲೂ ಅಂಥದೊಂದು ಕುಂಚಿಗೆ ಇತ್ತು.

ಗುರಮ್ಮ ಗೇಟು ತಲುಪುವಷ್ಟರಲ್ಲಿ ನರ್ಸಬಾಯಿ ಹೊರಗೆ ಬಂದು, ಸಾಹೇಬರು ತೀರಿಕೊಂಡರೆಂದು ಹೇಳಿ, ಅವರ ಬೂಟುಗಳನ್ನು ಅಮೃತಪ್ಪನ ಕೈಗಿಟ್ಟಳು.

“ಆಯಾನ್ನ ಹೊಳ್ಳಿ ಕೂಗ್ಲೇನ್ರಿ?” ಗಂಗುಬಾಯಿ ಕೇಳಿದಳು.

“ಬ್ಯಾಡ್ರಿ. ತರಲಿ, ತಲೀಗೆ ಇಟ್ಟು ಕಳಸೋಣು,” ಎಂದು ಅವನು ಒಳಗೆ ನಡೆದ.