ಅರ್ಧ ಸುತ್ತು

ಅಣ್ಣ ತೀರಿಕೊಂಡ ತಂತಿ ಬಂದ ದಿನ, ಮಣ್ಣು ಮಾಡುವ ಹೊತ್ತಿಗೆ ತಾನು ಮುಟ್ಟಲಾರೆನೆಂದು ಕೊರಗುತ್ತ ಮುದುಕ ಚನ್ನಮಲ್ಲಪ್ಪ ಊರಿಗೆ ಹೊರಟು ಠಾಣೆ ರೈಲು ಸ್ಟೇಷನ್ನಿನ ಬಾಕಿನ ಮೇಲೆ ಕುಳಿತಿದ್ದ. ಪಕ್ಕದಲ್ಲಿ ವಿಧವೆ ಮಾನಮ್ಮ ಮತ್ತು ಅವಳ ಗಂಡನ ಅಕ್ಕ ಮರಗಮ್ಮ, ಕಾನ್ಹೇರಿ ಗುಹೆ ನೋಡಿ ಬಂದವರು, ಜಗಳಕ್ಕೆ ಬಿದ್ದಿದ್ದರು.

“ನಮ್ಮ ಮನಿಯವರ ಹೆಸರಿಲೆ ಸುತ್ತು ಹಾಕ್ಲಿಕ್ಕೆ ಹೋದ್ರ, ಅರ್ಧಕ್ಕೇ ತಿರುಗಿಸಿದಿಯಲ್ಲಕ್ಕ!”

“ಲಿಂಗ ಅಂದ್ಕೊಂಡೆ. ಶಿವನ ಗುಡಿಯಾಗ ಯಾರರ ಪೂರಾ ಸುತ್ತತಾರೇನು?”

“ಅದು ಬುದ್ಧನ ಸ್ತೂಪ, ಪೂರಾ ಸುತ್ತಬೇಕಂತ ಚೌಕೀದಾರ ಒದರಿದ್ನಲ್ಲ!”

“ಅಷ್ಟೊತ್ತಿಗೆ ನಾ ವಿಭೂತಿನೂ ಹಚ್ಚಿದ್ದೆ. ಬುದ್ಧ ಏನೂ ಅನ್ನಲಿಲ್ಲ.”

“ಈಗ ಅವರು ಅರ್ಧ ದಾರಿಯಾಗ ನಿಂತಿದ್ರ?”

“ನಿಲ್ಲಲಿ. ಪಗಾರದ ದಿನ ನನ್ನ ತಮ್ಮ ಎಂದರ ನೆಟ್ಟಗ ಮನಿ ಮುಟ್ಯಾನೇನು?”

ಮಾನಮ್ಮ ಅಳತೊಡಗಿದಳು.

“ಅಳಬ್ಯಾಡ ತಂಗಿ. ಅರ್ಧ ಹೋದ್ವಿ, ಅರ್ಧ ತಿರುಗಿ ಬಂದ್ವಿ. ಎರಡೂ ಕೂಡಿಸಿದ್ರ ಒಂದು ಸುತ್ತಲ್ಲೇನು?”

ಮಾನಮ್ಮ ಅಳುತ್ತಲೇ ನಕ್ಕಳು. ದಿವಾ ಕಡೆಗೆ ಹೋಗುವ ಲೋಕಲ್ ರೈಲು ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೂಕಿಕೊಂಡು ಹತ್ತಿದರು.

ಚನ್ನಮಲ್ಲಪ್ಪ ಕೊರಳ ಲಿಂಗವನ್ನು ಮುಟ್ಟಿಕೊಂಡ. ಶಿವನೇ, ನನ್ನ ಅರ್ಧ ದಾರಿಯನ್ನೂ ಪೂರಾ ಎಂದು ಎಣಿಸಿಕೊ. ನಮ್ಮಣ್ಣನಿಗೂ ಆ ಹೆಂಗಸಿನ ಗಂಡನಿಗೂ ಶಾಂತಿ ಕೊಡು.